ಮುಂಜಾನೆ ಮಾತ್ರ ಕೆಮ್ಮುವ ಕಾರು

ಸರಿಯಾಗಿ ಹಳಿಗಳ ನಡುವೆ ಬಂದಾಗಲೇ ಇಂಜಿನ್ ಕೈಕೊಟ್ಟಿತು.

ಭರಮು ಎಡಬಲ ನೋಡಿಯೇ ಕಾರನ್ನು ಹಳಿಯ ಮೇಲೆ ಹತ್ತಿಸಿದ್ದ. ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ಆ ಒಳದಾರಿಯಲ್ಲಿ ರೈಲಿಗೆ ಗೇಟೂ ಇರಲಿಲ್ಲ, ಕಾಯುವವನೂ ಇರಲಿಲ್ಲ. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದ. ಅಂಬಾಸಿಡರ್ ಮುಂದೆ ಹೋಗುವ ಬದಲು ಗಡಗಡ ನಡುಗಿತು, ಕೆಮ್ಮಿತು, ಹಿಂದೆ ಕಪ್ಪು ಹೊಗೆ ಉಗುಳಿತು, ನಿಂತೇಬಿಟ್ಟಿತು.

"ಯಾಕ ನಿಂದರಿಸಿದಿ?" ಪಕ್ಕದಲ್ಲಿ ಕುಳಿತಿದ್ದ ಶ್ರೀಪಾಲ ಕೇಳಿದ.

"ನಾ ನಿಂದರಿಸಿಲ್ರಿ. ತಾನ ನಿಂತೈತಿ."

ಎಡಗಡೆಯ ತಿರುವಿನಾಚೆ ಸೀಟಿ ಕೇಳಿಸಿತು.

ಹಿಂದಿನ ಸೀಟಿನಲ್ಲಿ ಶ್ರೀಪಾಲನ ಹೆಂಡತಿ ಸುಗಂಧಾ. ತುಂಬು ಬಸುರಿ, ಚೊಚ್ಚಲ ಬಾಣಂತನಕ್ಕೆ ಅಥಣಿಯ ತವರಿಗೆ ಹೊರಟವಳು. ಅವಳ ಪಕ್ಕದಲ್ಲಿ ಶ್ರೀಪಾಲನ ಸೋದರತ್ತೆ ಸೋನಾಬಾಯಿ, ಕಣ್ಣು ಮುಚ್ಚಿ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ಇಬ್ಬರನ್ನೂ ಇಳಿಸಿ ಓಡಿಸುವಷ್ಟು ಹೊತ್ತೆಲ್ಲಿತ್ತು? ಭರಮು ಗೇರು ತೆಗೆಯಲಿಲ್ಲ. ಕ್ಲಚ್ಚಿನಿಂದ ಕಾಲೆತ್ತಿ ಸ್ಟಾರ್ಟರನ್ನು ಒತ್ತಿ ಹಿಡಿದ. ಸತ್ತ ಇಂಜಿನ್ನನ್ನು ಹೊತ್ತುಕೊಂಡು, ಬರೀ ಬ್ಯಾಟರಿಯ ಬಲದಲ್ಲಿ ಕಾರು ಗೇಣುಗೇಣಾಗಿ ತೆವಳಿತು. ಹಿಂದಿನ ಗಾಲಿಗಳು ಜಲ್ಲಿಕಲ್ಲು ಬಿಟ್ಟು ಕೆಳಗಿಳಿದವು. ಅದರ ಬೆನ್ನಿಗೇ ಗೂಡ್ಸ್ ಗಾಡಿ ನೆಲ ನಡುಗಿಸುತ್ತ ಹಾದುಹೋಯಿತು.

ಭರಮುವಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮೊದಲು ಬಾಯಿ ಬಿಟ್ಟವನು ಶ್ರೀಪಾಲ. "ಕೆಳಗಿಳಿ."

"ಏನ್ರಿ?"

"ಕೆಳಗಿಳಿ ಅಂದ್ನಿ. ಗೇರಿನ್ಯಾಗ ಸ್ಟಾರ್ಟರ್ ಹೊಡದರ ಗಾಡಿ ಸರಿಯತೈತಿ ಅನ್ನೂದು ನಿನಗ ಮೊದಲ ಗೊತ್ತಿತ್ತು. ಅಂದ್ರ ಗಾಡಿ ನಿಲ್ಲತೈತಿ ಅನ್ನೂದೂ ಗೊತ್ತಿತ್ತು. ಹೌದಿಲ್ಲೋ?"

ಜೀವ ಉಳಿಸಿದ ಉಪಾಯವೇ ಕೊರಳಿಗೆ ಬರುತ್ತದೆಂದು ಭರಮು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಇಳಿದು ಪಕ್ಕದ ಸೀಟಿಗೆ ಬಂದ. ಶ್ರೀಪಾಲ ತಾನೇ ಸ್ಟೀರಿಂಗ್ ಹಿಡಿದು ಕಾರನ್ನು ಚಿಕ್ಕೋಡಿಗೆ ತಿರುಗಿಸಿದ. ಮೊದಮೊದಲು ಮುಗ್ಗರಿಸಿದ ಆ ಹಾಳು ಕಾರು ಊರು ಬರುವಷ್ಟರಲ್ಲಿ ತೊಟ್ಟಿಲು ತೂಗಿದಂತೆ ನಡೆಯತೊಡಗಿತು. ಭರಮುವಿಗೆ ಅದನ್ನು ಇಳಿದು ಒದೆಯಬೇಕೆನಿಸಿತು.

"ನೋಡಿದಿ?" ಎಂದ ಶ್ರೀಪಾಲ. "ನನ್ನ ಕೈಯಾಗ ಹೆಂಗ ನಡದೈತಿ?"

ಮನೆಯ ಯಜಮಾನ ಬಾಪುಸಾಹೇಬರು ಪಡಸಾಲೆಯಲ್ಲಿ ಕುಳಿತಿದ್ದರು. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿ ಇಟ್ಟವರು, ಭರಮುವಿಗೆ ಸ್ಟೀರಿಂಗ್ ಕಲಿಸಿದವರೇ ಅವರು. ಶ್ರೀಪಾಲ ಅಂಗಳದಲ್ಲಿ ನಿಂತೇ, ಓಣಿಗೆಲ್ಲ ಕೇಳುವಂತೆ ಹೇಳಿದ.

"ಅಪ್ಪಾ, ಇಂವಾ ಪೆಟ್ರೋಲ್ ಕದ್ದು ರಾಕೇಲಿ ಎಣ್ಣಿ ಬೆರಸಾಕತ್ತಾನ. ಶೆಡ್ಡಿನ ಹಿಂದ ರಾಕೇಲಿ ಡಬ್ಬಿ ಸಿಕ್ಕೈತಿ. ಇಲ್ಲಾ ಅಂದ್ರ ಧನಪಾಲ ಕಾಕಾ ಇವನ ಕೈ ಬೆಚ್ಚಗ ಮಾಡ್ಯಾನ. ವಾಟ್ಣಿ ವ್ಯಾಜ್ಯ ನಡದಾಗ ನನ್ನ ಕೂಸು ಹುಟ್ಟೂದು ಯಾರಿಗೆ ಬ್ಯಾಡಾಗೈತಿ, ನೀನ ಹೇಳು."

ಪಕ್ಕದ ಮನೆಯ ಚಿಕ್ಕಪ್ಪ ಧನಪಾಲನ ಕಿಟಕಿ ಅಷ್ಟರಲ್ಲೇ ಮುಚ್ಚಿಕೊಂಡಿತು. ಆಸ್ತಿ ಪಾಲಿನ ಜಗಳ ಊರಿಗೆಲ್ಲ ಗೊತ್ತಿತ್ತು.

"ಸಾವ್ಕಾರ್ರ," ಭರಮು ಬಾಪುಸಾಹೇಬರ ಕಡೆ ತಿರುಗಿದ, "ಆ ಚಿಮಣಿ ಎಣ್ಣಿ ನಾ ಗ್ರೀಸಿನ ಕೈ ತೊಳಿಯಾಕ ಇಟ್ಕೊಂಡದ್ದು. ಹೋದವಾರ ನಿಪ್ಪಾಣಿ ಗ್ಯಾರೇಜಿನ ರಾಜಾರಾಮ ಗಾಡಿ ಟಾಕಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿಸ್ಯಾನ. ಮರುದಿನಾ ಮುಂಜಾನೆ ಮತ್ತ ಅದ ಕೆಮ್ಮು. ನೀವಾರ ಹೇಳ್ರಿ."

ಬಾಪುಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಏನೂ ಹೇಳಲಿಲ್ಲ.

"ಪೌಜದಾರಗ ಹೇಳಿ ಬರ್ತೀನಿ," ಎಂದು ಶ್ರೀಪಾಲ ಸ್ಕೂಟರ್ ಹತ್ತಿದ. "ಹಂಗ ರಾಜಾರಾಮನ್ನೂ ಕರಕೊಂಡು ಬರ್ತೀನಿ. ಅಲ್ಲೀತನಾ ಇಂವಾ ಅಂಗಳ ಬಿಟ್ಟು ಕದಲಬಾರದು."

ಭರಮು ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕಳ್ಳ ಎಂಬುದೇ ಸಾಕಿತ್ತು. ಈಗ ಬಸುರಿಯನ್ನು ರೈಲಿಗೆ ಕೊಡಲು ಹೋದವನು ಎಂಬ ಹೆಸರು. ಪೌಜದಾರ ಒಮ್ಮೆ ಠಾಣೆಗೆ ಕರೆದೊಯ್ದನೆಂದರೆ ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಸಾಹುಕಾರ ಅವನ ಕೈಗೆ ಗಾಡಿ ಕೊಟ್ಟಾನು? ಡ್ರೈವಿಂಗ್ ಬಿಟ್ಟರೆ ಅವನಿಗೆ ಬರುತ್ತಿದ್ದುದು ಕುರಿ ಕಾಯುವುದೊಂದೇ, ಆ ಕುರಿಗಳನ್ನೂ ಅಪ್ಪ ಎಂದೋ ಮಾರಿದ್ದ. ಹೊತ್ತು ಏರುವವರೆಗೂ ಅಲ್ಲಿಂದ ಏಳಲಿಲ್ಲ.

"ಭರಮು ದಾದಾ."

ಸುಗಂಧಾ ಅಡುಗೆಮನೆಯ ಕಟ್ಟೆಗೆ ಬಂದು, ಸೊಂಟಕ್ಕೆ ಕೈಯಿಟ್ಟುಕೊಂಡು ನಿಧಾನ ಕುಳಿತಳು. ಅವಳ ಮುಖ ಇನ್ನೂ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಚುರುಕಾಗಿತ್ತು. ಅಥಣಿಯಲ್ಲಿ ಅವಳ ತಂದೆಗೆ ಆಯಿಲ್ ಇಂಜಿನ್ ದುರಸ್ತಿಯ ಅಂಗಡಿ ಇತ್ತು. ಪಂಪ್‌ಸೆಟ್ಟುಗಳ ಸದ್ದಿನಲ್ಲೇ ಬೆಳೆದವಳು. ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲಿನ ಪಂಪಿನ ಸದ್ದು ಕೇಳಿಯೇ ವಾಲ್ವು ಹೋಗಿದೆ ಎಂದು ಹೇಳಿ ಮಾವನನ್ನು ಬೆರಗುಗೊಳಿಸಿದ್ದಳು.

"ನೀವು ಮಲಕೋಬೇಕ್ರಿ ವೈನಿ."

"ಮಲಕೊಂಡ್ರ ನಿದ್ದಿ ಬರೂದಿಲ್ಲ. ಕೇಳಿದ್ದಕ್ಕ ಖರೇ ಹೇಳು. ಪೆಟ್ರೋಲ್ ತಗದೀಯೇನು?"

"ನನ್ನ ಮಕ್ಕಳಾಣಿ, ಇಲ್ರಿ."

"ಕಾಕಾ ಏನರ ಅಂದಿದ್ರ?"

"ಅವರು ನನ್ನ ಮಾತಾಡಸೂದನ್ನ ಬಿಟ್ಟಾರ್ರಿ."

"ಸರಿ. ಗಾಡಿ ಯಾವಾಗ ಕೆಮ್ಮತೈತಿ?"

"ಮುಂಜಾನೆ. ಬರೀ ಮುಂಜಾನೆ. ಚಾಲೂ ಮಾಡಿ ನಿಂದರಿಸಿದ್ರ ಗಡಗಡ ನಡಗತೈತಿ, ಉಸಿರು ಸಿಕ್ಕೊಂಡವರಂಗ. ಆಕ್ಸಿಲರೇಟರ್ ಕೊಟ್ರ ಮತ್ತೀಟು ಕುಸೀತೈತಿ. ಚೋಕ್ ಎಳದ್ರ ಸತ್ತ ಹೋಗತೈತಿ. ನಿಪ್ಪಾಣಿ ಮುಟ್ಟೂದ್ರಾಗ ತಾನ ನೆಟ್ಟಗಾಗತೈತಿ. ರಾಜಾರಾಮ ನೋಡಿ ನಗತಾನ, ಗಾಡಿಗಲ್ಲ, ನಿನಗ ಬ್ಯಾನಿ ಅಂತ."

"ಮಧ್ಯಾಹ್ನ, ಸಂಜೀಕ?"

"ಒಂದ ದಿನಾನೂ ಇಲ್ರಿ."

"ರಾಜಾರಾಮ ಏನೇನು ನೋಡಿದ?"

"ಎಲ್ಲಾನೂ. ಪಾಯಿಂಟ್ ತಿಕ್ಕಿದ, ಕಾರ್ಬೋರೇಟರ್ ಬಿಚ್ಚಿ ತೊಳದ, ಪೆಟ್ರೋಲ್ ಪಂಪ್ ನೋಡಿದ. ಗಾಳಿ ಮೂತಿಗೆ ಕಟ್ಟಿದ್ದ ಬಟ್ಟಿ ಬಿಚ್ಚಿ, ಇದೂ ಸ್ವಚ್ಛ ಐತಿ ಅಂತ ಮತ್ತ ಕಟ್ಟಿದ. ಪ್ಲಗ್ ಮಾತ್ರ ಕರ್ರಗ ಆಗಿದ್ವು, ಕಾಡಿಗಿ ಬಳದಂಗ. ಒರಸಿ ಹಾಕಿದ."

ಸುಗಂಧಾ ಒಂದೊಂದೇ ಬೆರಳು ಮಡಚುತ್ತ ತನಗೆ ತಾನೇ ಹೇಳಿಕೊಂಡಂತೆ ಅಂದಳು: "ಪ್ಲಗ್ ಕರ್ರಗ. ಹೊಗಿ ಕರ್ರಗ. ಚೋಕ್ ಎಳದ್ರ ಸಾಯತೈತಿ. ಪೆಟ್ರೋಲ್ ಕದ್ದ ಗಾಡಿ ಉಪಾಸ ಬೀಳಬೇಕು, ಇದು ಉಂಡು ಉಂಡು ಒದ್ದಾಡಾಕತ್ತೈತಿ. ಎಲ್ಲಾರೂ ಪೆಟ್ರೋಲ್ ನೋಡಿದ್ರಿ, ಕಿಡಿ ನೋಡಿದ್ರಿ. ಗಾಳಿ ಯಾರು ನೋಡಿದ್ರು?"

"ಗಾಳಿ ಯಾರು ಕದೀತಾರ್ರಿ ವೈನಿ?"

"ಅದಕ್ಕ ಯಾರೂ ನೋಡಿಲ್ಲ." ಅವಳು ನಗಲಿಲ್ಲ. "ಯಾವಾಗಿಂದ ಹಿಡೀತು ಈ ರೋಗ?"

"ಆಷಾಢದ ಕೊನಿಗೆ. ಮಳಿ ಹಿಡದ ಮ್ಯಾಲೆ."

"ನಡುವ ಯಾವಾಗರ ಬಿಟ್ಟಿತ್ತೇನು?"

ಭರಮು ನೆಲ ನೋಡಿದ. ಇದೇ ಪ್ರಶ್ನೆಗೆ ಅವನು ಹೆದರಿದ್ದು. ಉತ್ತರ ಹೇಳಿದರೆ ಕುಣಿಕೆ ಇನ್ನಷ್ಟು ಬಿಗಿಯುತ್ತಿತ್ತು. ಹೇಳದಿದ್ದರೆ?

"ಬಿಟ್ಟಿತ್ರಿ," ಎಂದ ಕೊನೆಗೆ. "ಸಣ್ಣ ಸಾವ್ಕಾರ್ರು ತಾವ ಗಾಡಿ ಹೊಡಕೊಂಡು ನಿಪ್ಪಾಣಿಗೆ ಹೋಗ್ಯಾರಲ್ಲ, ಆ ದಿನಗಳಾಗ ಮುಂಜಾನೆನೂ ಚಲೋ ನಡದೈತಿ. ನಾ ಇಲ್ಲದಾಗ ಗಾಡಿ ನೆಟ್ಟಗ. ಅದನ್ನ ಹಿಡಕೊಂಡ ಅವರು ನನ್ನ ಮ್ಯಾಲೆ ಬಂದಾರ."

"ನೀ ಎಲ್ಲಿ ಹೋಗಿದ್ದಿ ಆವಾಗ?"

"ಶೇಡಬಾಳಕ್ರಿ. ಆಯಿಯವರ ಸಂಗಾಟ. ಅಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕ ನಿಂತಾರಂತ ದರ್ಶನಕ್ಕ ಹೋಗಿದ್ರು. ಗಾಡಿ ವಖಾರಿಗೆ ಬೇಕಾಗಿತ್ತು, ಹಂಗಾಗಿ ನಾನ ಬಸ್ಸಿನ್ಯಾಗ ಕರಕೊಂಡು ಹೋಗಿದ್ದೆ."

ಮನೆಯ ಆಳುಗಳೆಲ್ಲ ಸೋನಾಬಾಯಿಯವರನ್ನು ಆಯಿ ಎಂದೇ ಕರೆಯುತ್ತಿದ್ದರು.

ಸುಗಂಧಾ ಎದ್ದು ನಿಂತಳು. ಅವಳ ಮುಖದಲ್ಲಿ ಏನೋ ಬದಲಾಗಿತ್ತು. ಖುಷಿಯಂತೂ ಅಲ್ಲ. ಹುಡುಕಿದ್ದು ಸಿಕ್ಕಿತು, ಆದರೆ ಸಿಗಬಾರದ ಜಾಗದಲ್ಲಿ ಸಿಕ್ಕಿತು ಎಂಬಂತಿತ್ತು.

"ಅಂದ್ರ ಆ ದಿನಾ ಮನಿಯಾಗ ಇಲ್ಲದಾಂವ ನೀ ಒಬ್ಬನ ಅಲ್ಲ," ಎಂದಳು. "ಬಾನೆಟ್ ತಗಿ."

ಭರಮು ಬಾನೆಟ್ ಎತ್ತಿದ. ಬೆಳಿಗ್ಗೆ ಅವನು ಮಾಡುತ್ತಿದ್ದುದೂ ಇದೇ: ಬೆಳಕು ಹರಿಯುವಾಗ ಬಾನೆಟ್ ಎತ್ತಿ ನೀರು, ಆಯಿಲ್ ನೋಡುವುದು, ಹಾಗೇ ಎತ್ತಿಟ್ಟು ಸ್ನಾನ ಚಹಾ ಮುಗಿಸಿ ಬರುವುದು, ಆಮೇಲೆ ಮುಚ್ಚಿ ಹೊರಡುವುದು. ಗಾಳಿ ಮೂತಿ ಎಂದರೆ ಇಂಜಿನ್ ಉಸಿರೆಳೆಯುವ ತಗಡಿನ ಕೊಳವೆ. ಅದರ ಬಾಯಿಗೆ ಬಟ್ಟೆಯೊಂದನ್ನು ನೂಲಿನಿಂದ ಕಟ್ಟಲಾಗಿತ್ತು. ನಿಪ್ಪಾಣಿಯ ವಖಾರಿಗಳಿಗೆ ಓಡಾಡುವ ಗಾಡಿಗಳಲ್ಲಿ ಅದೇನೂ ಹೊಸದಲ್ಲ. ತಂಬಾಕಿನ ದೂಳು ಒಳಗೆ ಹೋಗದಿರಲೆಂದು ಡ್ರೈವರುಗಳೆಲ್ಲ ತೆಳು ಅರಿವೆ ಕಟ್ಟುತ್ತಾರೆ.

"ಈ ಬಟ್ಟಿ ಯಾರು ಕಟ್ಟಿದ್ದು?"

"ನಾನ ಕಟ್ಟೀನ್ರಿ. ಸುಗ್ಗಿಯಾಗ. ಧೋತರದ ತುಂಡು."

"ನೋಡಿ ಹೇಳು. ಇದ ಏನು ನೀ ಕಟ್ಟಿದ್ದು?"

ಭರಮು ಬಗ್ಗಿದ. ದಿನಾ ಕಾಣುತ್ತಿದ್ದ ಬಟ್ಟೆ. ದಿನಾ ಕಂಡಿದ್ದರಿಂದಲೇ ನೋಡಿರಲಿಲ್ಲ. ಅವನ ಧೋತರದ ತುಂಡು ತೆಳ್ಳಗಿತ್ತು, ತಂಬಾಕಿನ ದೂಳಿಗೆ ಕಂದು ತಿರುಗಿತ್ತು. ಇದು ದಪ್ಪ ಖಾದಿ, ಅಂಚು ಹೊಲಿದದ್ದು, ಎರಡು ಮಡಿಕೆ. ಹಾಲಿನಂತೆ ಬೆಳ್ಳಗಿತ್ತು.

"ಇಲ್ರಿ," ಎಂದ. "ಇದು ನಂದಲ್ಲ."

ಅಷ್ಟರಲ್ಲಿ ಸ್ಕೂಟರ್ ಸದ್ದು ಕೇಳಿತು. ಶ್ರೀಪಾಲ, ಹಿಂದೆ ಮೋಟರ್ ಸೈಕಲ್ಲಿನಲ್ಲಿ ನಿಪ್ಪಾಣಿಯ ಗ್ಯಾರೇಜಿನ ರಾಜಾರಾಮ. ತನ್ನ ಕೈಗೆ ಸಿಗದ ರೋಗ ಇಲ್ಲವೇ ಇಲ್ಲ ಎನ್ನುವ ಪೈಕಿ ಅವನು. ಇಳಿಯುತ್ತಲೇ ಅಂದ:

"ಪೌಜದಾರ ಸಾಹೇಬರು ಊಟ ಮುಗಿಸಿ ಬರ್ತಾರಂತ. ಭರಮ್ಯಾ, ಖರೇ ಹೇಳಿಬಿಡು. ನಾ ಗಾಡಿ ಹತ್ತು ಸಲ ತಪಾಸ್ ಮಾಡೀನಿ, ಗಾಡ್ಯಾಗ ಕಾಯ್ ನಾಹೀ, ಏನೂ ಇಲ್ಲ."

"ರಾಜಾರಾಮ," ಸುಗಂಧಾ ಕೇಳಿದಳು, "ನೀವು ತಪಾಸ್ ಮಾಡಿದ್ದು ಯಾವಾಗ?"

"ಗಾಡಿ ಗ್ಯಾರೇಜಿಗೆ ಬಂದಾಗ."

"ಅಂದ್ರ ಒಂದ್ ತಾಸು ಓಡಿ, ಇಂಜಿನ್ ಕಾದ ಮ್ಯಾಲೆ."

"ಮತ್ತ? ನಿಮ್ಮ ಶೆಡ್ಡಿನ್ಯಾಗ ಬಂದು ಮಲಕೋಬೇಕಿತ್ತೇನ್ರಿ ನಾ?"

"ಸುಗಂಧಾ, ಒಳಗ ಹೋಗು," ಶ್ರೀಪಾಲ ಎಂದ. "ಇದು ನಿನ್ನ ಕೆಲಸಲ್ಲ."

"ಹಳಿ ಮ್ಯಾಲೆ ನಾನೂ ಕುಂತಿದ್ದೆ," ಎಂದಳು ಅವಳು. ದನಿ ಏರಲಿಲ್ಲ. "ಗಾಡಿ ಚಾಲೂ ಮಾಡು, ಭರಮು ದಾದಾ."

ಬಾಪುಸಾಹೇಬರು ಪಡಸಾಲೆಯಿಂದ ಇಳಿದು ಬಂದರು. ಅಂಗಳದ ಬಾಗಿಲಲ್ಲಿ ಓಣಿಯ ನಾಲ್ಕು ಮಂದಿ ಸೇರಿದ್ದರು. ಭರಮು ಕೀಲಿ ತಿರುಗಿಸಿದ. ಇಂಜಿನ್ ಚಾಲೂ ಆಯಿತು. ಒಂದೇ ಸಮ, ಸಣ್ಣಗೆ, ಯಾವ ಪಾಪವೂ ಅರಿಯದಂತೆ.

"ನೋಡ್ರಿ," ಎಂದ ರಾಜಾರಾಮ.

ಸುಗಂಧಾ ಹಂಡೆಯಿಂದ ಒಂದು ತಂಬಿಗೆ ನೀರು ತಂದಿದ್ದಳು. ಬಾನೆಟ್ಟಿನೊಳಗೆ ಬಗ್ಗಿ ಆ ಬಿಳಿ ಬಟ್ಟೆಯ ಮೇಲೆ ನಿಧಾನವಾಗಿ ಹನಿಸಿದಳು. ಬಟ್ಟೆ ತೊಯ್ದು ಗಾಳಿ ಮೂತಿಯ ಬಾಯಿಗೆ ಅಂಟಿತು.

ಇಂಜಿನ್ನಿನ ಸದ್ದು ಮುರಿಯಿತು. ಗಾಡಿ ನಡುಗಿತು. ಗಡಗಡ, ಗಡಗಡ. ಹಿಂದಿನಿಂದ ಕಪ್ಪು ಹೊಗೆ. "ಆಕ್ಸಿಲರೇಟರ್ ಕೊಡು," ಎಂದಳು. ಭರಮು ತುಳಿದ. ಕೆಮ್ಮಿ, ಒದ್ದಾಡಿ, ಇನ್ನೇನು ಸಾಯಬೇಕು ಅನ್ನುವಾಗ ಅವಳು ನೂಲು ಹರಿದು ಬಟ್ಟೆಯನ್ನು ಕಿತ್ತಳು. ಇಂಜಿನ್ ಒಮ್ಮೆ ದೊಡ್ಡದಾಗಿ ಉಸಿರೆಳೆದು ಮತ್ತೆ ಸಮವಾಯಿತು.

ರಾಜಾರಾಮ ಮುಂದೆ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಬಟ್ಟಿ ನಾ ನೋಡಿದ್ದೆ," ಎಂದ ಮೆತ್ತಗೆ. "ಒಣಗಿತ್ತು."

"ಹೌದು. ನಿಮ್ಮ ಗ್ಯಾರೇಜ್ ಮುಟ್ಟೂದ್ರಾಗ ಇಂಜಿನ್ ಶಾಖಕ್ಕ ಒಣಗತಿತ್ತು. ಒಣಗಿದ್ರ ಗಾಳಿ ನುಸೀತೈತಿ, ಗಾಡಿ ಚಲೋ. ಹಸಿ ಇದ್ರ ದಪ್ಪ ಬಟ್ಟಿ, ಅದೂ ಎರಡ ಮಡಿಕಿ, ಗಾಳಿನ ಬಿಡೂದಿಲ್ಲ. ಚೋಕ್ ಎಳದು ಬಿಟ್ಟಂಗ. ಬರೀ ಪೆಟ್ರೋಲ್ ಕುಡದು ಉಸಿರು ಕಟ್ಟತೈತಿ."

"ಹಸಿ ಯಾಕ ಆಗತೈತಿ?" ಶ್ರೀಪಾಲ ಕೇಳಿದ. "ಇಂವಾನ ತೋಯಿಸಿ ಕಟ್ಟಿರಬೇಕು."

ಭರಮು ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಹೌದಲ್ಲ, ಇಷ್ಟಾದರೂ ತನ್ನ ಮೇಲೇ ಹೇರಬಹುದಲ್ಲ.

ಸುಗಂಧಾ ಬಟ್ಟೆ ಬಿಚ್ಚಿ ಹಿಡಿದಳು. "ಮಳಿಗಾಲ. ತಂಬಾಕದ ವಖಾರಿ. ಕೆಸರ ಹಾದಿ. ಇಷ್ಟ ದಿನಾ ಬಾನೆಟ್ ಒಳಗಿದ್ದ ಬಟ್ಟಿ ಹಿಂಗ ಬೆಳ್ಳಗ ಇರತೈತೇನು? ರಾಜಾರಾಮ ಸ್ವಚ್ಛ ಐತಿ ಅಂತ ಬಿಟ್ರು. ಸ್ವಚ್ಛ ಇದ್ದದ್ದ ತಪ್ಪು. ಇದನ್ನ ಯಾರೋ ದಿನಾ ಮುಂಜಾನೆ ಒಗೀತಾರ. ಒಗದು, ಹಸೀದನ್ನ ತಂದು ಕಟ್ಟತಾರ. ಭರಮು ಸ್ನಾನಕ್ಕ ಹೋದಾಗ, ಬಾನೆಟ್ ತೆರದಿರತೈತಿ." ಅವಳು ಬಟ್ಟೆಯನ್ನು ಬಿಸಿಲಿಗೆ ಎತ್ತಿದಳು. ಮೋಡದಿಂದ ಹೊರಬಂದ ಸೂರ್ಯ ಅದರಾಚೆ ಕಾಣಲಿಲ್ಲ. "ಎರಡ ಮಡಿಕಿ. ಸೂರ್ಯಾ ಕಾಣಬಾರದು. ಈ ಮನಿಯಾಗ ಹುಳಾ ಹೊಟ್ಟ್ಯಾಗ ಹೋಗಬಾರದಂತ ನೀರು ಸೋಸೂ ಬಟ್ಟಿಗೆ ಅಷ್ಟ ಈ ನೇಮ ಐತಿ. ಆಷಾಢದ ಕೊನಿಗೆ ಚಾತುರ್ಮಾಸ ಹಿಡೀತು, ಗಾಡಿಗೆ ರೋಗ ಹಿಡೀತು. ಭರಮು ಶೇಡಬಾಳಕ್ಕ ಹೋದಾಗ ಗಾಡಿ ಚಲೋ ಇತ್ತು ಅಂದ್ರಿ. ಅವನ ಸಂಗಾಟ ಇನ್ನೊಬ್ಬರು ಹೋಗಿದ್ರು."

ಎಲ್ಲರೂ ಏಕಕಾಲಕ್ಕೆ ದೇವರಕೋಣೆಯ ಬಾಗಿಲ ಕಡೆ ತಿರುಗಿದರು.

ಸೋನಾಬಾಯಿ ಜಪಮಾಲೆ ಹಿಡಿದು ಹೊರಗೆ ಬಂದಿದ್ದರು. ಹಳಿಯಿಂದ ಮನೆಗೆ ಬಂದಾಗಿನಿಂದ ಜಪದಲ್ಲೇ ಕುಳಿತವರಿಗೆ ಅಂಗಳದ ಗದ್ದಲ ಪೂರ್ತಿ ತಿಳಿದಿರಲಿಲ್ಲ. ಆ ಮನೆಯಲ್ಲಿ ಬಾಪುಸಾಹೇಬರೂ ಕಾಲು ಮುಟ್ಟುವ ಒಂದೇ ಜೀವ ಅವರು.

"ಅದು ನನ್ನ ಬಟ್ಟಿ ಐತಿ," ಎಂದರು. "ಯಾಕ ಬಿಚ್ಚೀರಿ?"

"ಆತ್ಯಾ, ಅದನ್ನ ಯಾಕ ಕಟ್ಟಿದ್ರಿ?" ಸುಗಂಧಾ ಕೇಳಿದಳು. ಈ ಪ್ರಶ್ನೆ ಕೇಳುವಾಗ ಮಾತ್ರ ಅವಳ ದನಿ ನಡುಗಿತು.

"ಮಳಿಗಾಲದಾಗ ಹುಳಾ ಎಷ್ಟು. ಒಂದಿನ ಬಾನೆಟ್ ಒಳಗ ರಾಶಿ ಪತಂಗ ಸತ್ತ ಬಿದ್ದಿದ್ವು. ಇವು ಹೆಂಗ ಒಳಗ ಹೋದ್ವಪಾ ಅಂತ ಭರಮೂನ ಕೇಳಿದೆ. ಗಾಡಿನೂ ನಮ್ಮಂಗ ಉಸಿರಾಡತೈತ್ರಿ ಆಯಿ, ಇದು ಅದರ ಮೂಗು ಅಂತ ತೋರಿಸಿದ. ನಾವು ಕುಂತ ಗಾಡಿ ಉಸಿರಿಗೆ ಜೀವ ಹೋದ್ರ ಪಾಪ ಯಾರಿಗೆ? ಅದರ ಅರಿವಿ ತೆಳ್ಳಗಿತ್ತು. ತಗದು ನಂದು ಕಟ್ಟಿದೆ. ಅದರಾಗ ಸಿಕ್ಕ ಹುಳಾ ದಿನಾ ನೀರಾಗ ಅಲಸಿ ಗಿಡದ ಬುಡಕ ಬಿಡತೀನಿ. ಕತ್ತಲಾದ ಮ್ಯಾಲೆ ನಾ ನೀರು ಮುಟ್ಟೂದಿಲ್ಲ, ಅದಕ್ಕ ಮುಂಜಾನೆ."

ಭರಮುವಿಗೆ ನೆನಪಾಯಿತು. ನಗುತ್ತ ಹೇಳಿದ ಮಾತು. ಹೇಳಿ ಆ ಕ್ಷಣವೇ ಮರೆತಿದ್ದ.

ಸುಗಂಧಾ ಹತ್ತಿರ ಹೋಗಿ, ಕೈ ಹಿಡಿದು, ಒದ್ದೆ ಬಟ್ಟೆಯಿಂದ ಏನಾಯಿತೆಂದು ತಿಳಿಯುವಂತೆ ಹೇಳಿದಳು. ಸೋನಾಬಾಯಿ ಕೇಳುತ್ತ ಕೇಳುತ್ತ ಕಟ್ಟೆಗೆ ಒರಗಿದರು. ಅವರ ಬೆರಳುಗಳ ನಡುವಿನಿಂದ ಜಪಮಾಲೆ ಜಾರಿತು.

"ಹುಳದ ಜೀವ ಉಳಸಾಕ ಹೋಗಿ ಐದು ಜೀವ ಹಳಿ ಮ್ಯಾಲೆ ಇಟ್ನೆಲ್ಲೋ," ಎಂದರು. ಹೊಟ್ಟೆಯೊಳಗಿನ ಕೂಸನ್ನೂ ಅವರು ಎಣಿಸಿದ್ದರು.

ಆಮೇಲೆ ನೆಟ್ಟಗೆ ಭರಮುವಿನ ಮುಂದೆ ಬಂದು ಎರಡೂ ಕೈ ಜೋಡಿಸಿದರು. "ತಪ್ಪು ನಂದು, ಬೈಗಳ ನಿನಗ. ಕ್ಷಮಾ ಮಾಡಪಾ."

"ಬ್ಯಾಡ್ರಿ ಆಯಿ, ಕೈ ಇಳಸ್ರಿ." ಭರಮು ಹಿಂದೆ ಸರಿದ. ಅವನ ಕಣ್ಣು ತುಂಬಿ ಬಂತು. "ನಿಮಗ ಗೊತ್ತಿರಲಿಲ್ಲ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ."

ರಾಜಾರಾಮ ಮೋಟರ್ ಸೈಕಲ್ಲಿನ ಕಡೆ ನಡೆದ. ಪೌಜದಾರನಿಗೆ ಬರುವುದು ಬೇಡವೆಂದು ತಾನೇ ಹೇಳಿ ಹೋಗುತ್ತೇನೆ ಎಂದ. ಶ್ರೀಪಾಲ ಗಾಡಿಯ ಮಡ್‌ಗಾರ್ಡಿನ ಮೇಲೆ ಬೆರಳಾಡಿಸುತ್ತ ನಿಂತಿದ್ದ.

"ಆತಲ್ಲ," ಎಂದ ಕೊನೆಗೆ. "ಗಾಬರಿ ಒಳಗ ಒಂದ್ ಮಾತು ಬಂತು. ಗಾಡಿ ತಗಿ, ಇವತ್ತ ಅಥಣಿ ಮುಟ್ಟೋಣು. ನಾಳೆಯಿಂದ ಎಲ್ಲಾ ಮೊದಲಿನಂಗ."

ಭರಮು ಕಾರಿನ ಬಾಗಿಲು ತೆರೆದು ಸುಗಂಧಾಳನ್ನು ಹುಷಾರಾಗಿ ಕೂರಿಸಿದ. ಸೋನಾಬಾಯಿಯವರನ್ನು ಕೂರಿಸಿದ. ಆಮೇಲೆ ಬಾಪುಸಾಹೇಬರ ಎದುರು ನಿಂತ.

"ವೈನಿಯವರನ್ನ ಅಥಣಿಗೆ ಮುಟ್ಟಸ್ತೀನ್ರಿ ಸಾವ್ಕಾರ್ರ. ವಾಪಸ್ ಗಾಡಿ ಸಣ್ಣ ಸಾವ್ಕಾರ್ರು ತರಲಿ. ನಾ ಬರೂದಿಲ್ಲ."

"ಯಾಕ?" ಬಾಪುಸಾಹೇಬರು ಬೆಳಗಿನಿಂದ ಆಡಿದ ಮೊದಲ ಮಾತು ಅದು. "ನಿಂದೇನೂ ತಪ್ಪಿಲ್ಲ ಅಂತ ಆತಲ್ಲ."

"ಆತ್ರಿ. ಅವರು ಹೆಂಡ್ರು ಮಕ್ಕಳ ಗಾಬರಿಗೆ ಅಂದ್ರು, ಅದನ್ನ ನಾ ಮರೀತೀನಿ. ನಾ ನಿಮ್ಮ ಮಾರಿ ನೋಡಿ, ನೀವಾರ ಹೇಳ್ರಿ ಅಂದಾಗ ನೀವು ಚಾಳೀಸ ಒರಸಿಕೋತ ಕುಂತ್ರಿ. ನನಗ ಗಾಡಿ ಕಲಿಸಿದಾವ್ರು ನೀವು. ಭರಮು ಅಂಥಾಂವ ಅಲ್ಲ ಅಂತ ಒಂದ ಮಾತು, ಓಣಿ ಮಂದಿ ಮುಂದ, ನಿಮ್ಮ ಬಾಯಾಗ ಬರಲಿಲ್ರಿ."

ಬಾಪುಸಾಹೇಬರ ತುಟಿ ಅಲುಗಿತು. ಈಗ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ ಎಂಬುದು ಅವರಿಗೂ ಗೊತ್ತಾಗಿತ್ತು, ಓಣಿಯ ಮಂದಿಗೂ ಗೊತ್ತಾಗಿತ್ತು.

ಭರಮು ಬಾನೆಟ್ ಮುಚ್ಚಿ, ಸ್ಟೀರಿಂಗ್ ಹಿಂದೆ ಕುಳಿತು, ಶ್ರೀಪಾಲ ಹತ್ತುವುದನ್ನು ಕಾಯತೊಡಗಿದ.